ಆಳು ಸಿಗುವುದಿಲ್ಲ ಎನ್ನುವ ಮುನ್ನ

ಸಂಘದ ಕಾರ್ಯದರ್ಶಿಯವರಿಂದ



ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಸದಸ್ಯರು ಸಂಘದ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಆಡುವ ಮೊದಲ ಮಾತು ಈಗೀಗ ಒಂದೇ ಆಗಿದೆ: "ಆಳು ಸಿಕ್ಕೋದಿಲ್ಲ ಕಾರ್ಯದರ್ಶಿಗಳೇ." ಬೆಲೆಯ ವಿಚಾರ, ಗೊಬ್ಬರದ ವಿಚಾರ ಆಮೇಲೆ ಬರುತ್ತದೆ. ನಾವು ಕಬ್ಬು ಭತ್ತದ ನಡುವೆ ತೆಂಗು, ತೆಂಗಿನ ನಡುವೆ ಅಡಿಕೆ, ಅಡಿಕೆಯ ನೆರಳಿನಲ್ಲಿ ನಾಲ್ಕು ಸಾಲು ಕಾಫಿ ಇಟ್ಟುಕೊಂಡಿರುವ ಸಣ್ಣ ಹಿಡುವಳಿದಾರರು. ಮಲೆನಾಡಿನ ಎಸ್ಟೇಟುಗಳಂತೆ ಲೈನ್ ಮನೆ ಕಟ್ಟಿ ಆಳುಗಳನ್ನು ಇಟ್ಟುಕೊಂಡವರಲ್ಲ. ಊರಿನ ಆಳು ಬಂದರೆ ತೋಟ ನಡೆಯಿತು, ಬಾರದಿದ್ದರೆ ನಿಂತಿತು. ಅಡಿಕೆ ಗೊನೆ ಒಂದು ವಾರ ತಡವಾಗಿ ಇಳಿದರೆ ಎಳೆಯ ಕಾಯಿ ಬಲಿತು ಗೋಟಾಗುತ್ತದೆ, ಬೇಯಿಸಿದ ಕೆಂಪಡಿಕೆಯ ಬೆಲೆ ಕೈ ತಪ್ಪುತ್ತದೆ. ಕಾಫಿ ಹಣ್ಣು ಗಿಡದಲ್ಲೇ ಉಳಿದರೆ, ನೆಲಕ್ಕೆ ಉದುರಿದ್ದನ್ನು ಆಯದೆ ಬಿಟ್ಟರೆ, ಕಾಯಿಕೊರಕಕ್ಕೆ ಮುಂದಿನ ವರ್ಷದವರೆಗೆ ಮನೆ ಮಾಡಿಕೊಟ್ಟಂತೆ. ಆದುದರಿಂದ ಆಳಿನ ಪ್ರಶ್ನೆ ನಮಗೆ ಬೆಳೆಯ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ಸಂಚಿಕೆಯಲ್ಲಿ ಓದುಗರನ್ನು ಒಂದು ಅಪರೂಪದ ಕಡೆಗೆ ಕರೆದೊಯ್ಯಲು ಬಯಸಿದ್ದೇವೆ. ನಮ್ಮ ಹೆಣ್ಣಾಳುಗಳು ಯಾವ ಹೊಲಿಗೆ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆಂದು ನಾವು ಗೊಣಗುತ್ತೇವೆಯೋ, ಅಂಥ ಕಾರ್ಖಾನೆಗಳಲ್ಲಿಯೇ ವ್ಯಾಪಾರ ಶಾಲೆಗಳ ಅಧ್ಯಾಪಕರು ಹಲವು ವರ್ಷ ಸಂಶೋಧನೆ ನಡೆಸಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ನಮಗೆ ಬೇಕಾದ ಪಾಠಗಳಿವೆ.

ವ್ಯಾಪಾರ ಶಾಲೆಗೂ ನಮಗೂ ಏನು ಸಂಬಂಧ?

ವ್ಯಾಪಾರ ಶಾಲೆಯೆಂದರೆ ಕೋಟು ಟೈ ಹಾಕಿದವರ ಸಂಗತಿ, ತೋಟದವನಿಗೆ ಅಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಆರಂಭವಾದದ್ದು 1973ರಲ್ಲಿ. ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದೂ, ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದ್ದೂ ಅದೇ ವರ್ಷ. ಆ ಶಾಲೆಯ ಮೊದಲ ನಿರ್ದೇಶಕರಾದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು ದೊಡ್ಡ ಕಂಪೆನಿಗಳನ್ನು ಮಾತ್ರ ನೋಡುತ್ತ ಕೂರಲಿಲ್ಲ. ಅವರು ಮನಸ್ಸಿಟ್ಟು ಅಭ್ಯಾಸ ಮಾಡಿದ ವಿಷಯಗಳಲ್ಲೊಂದು ಎತ್ತಿನ ಗಾಡಿ. ನೊಗ ಎತ್ತಿನ ಹೆಗಲನ್ನು ಎಷ್ಟು ಸವೆಸುತ್ತದೆ, ಗಾಡಿಯ ರಚನೆ ಸುಧಾರಿಸಿದರೆ ಎತ್ತಿಗೂ ರೈತನಿಗೂ ಎಷ್ಟು ಹಗುರ ಎಂದು ಅವರು ಲೆಕ್ಕ ಹಾಕಿದರು. ದುಡಿಯುವ ಜೀವಕ್ಕೆ ಹಗುರವಾದರೆ ಕೆಲಸವೂ ಹೆಚ್ಚು ಆಗುತ್ತದೆ ಎಂಬ ಮಾತು ವ್ಯಾಪಾರ ಶಾಲೆಯ ಪಾಠವೂ ಹೌದು, ನಮ್ಮ ಹಿರಿಯರು ಕಂಡ ಮಾತೂ ಹೌದು.

ಹೊರಗಿನವರ ಸಂಶೋಧನೆ ನಮಗೆ ಹೊಸದೂ ಅಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ವರದಿ ಬರೆದರು. ಮಳೆಗೆ ಮುಂಚೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಅಡಿಕೆ ಸೀಮೆಯಲ್ಲಿ ಬೇರೂರಿದ್ದು ಅವರ ಕೆಲಸದಿಂದ. ಅದೇ ಕೋಲ್ಮನ್ ಅವರು ಮಂಡ್ಯದ ಸಕ್ಕರೆ ಕಾರ್ಖಾನೆಯ ಹುಟ್ಟಿಗೂ ದುಡಿದವರು. ಗಿಡದ ರೋಗಕ್ಕೆ ಪಂಡಿತರ ಮಾತು ಕೇಳಿದ ನಾವು, ಕೆಲಸ ನಡೆಸುವ ಕ್ರಮದ ಬಗೆಗೂ ಒಮ್ಮೆ ಕಿವಿಗೊಡುವುದರಲ್ಲಿ ನಷ್ಟವಿಲ್ಲ.

ಸಂಶೋಧನೆ ನಡೆದದ್ದು ಹೇಗೆ?

ಮಿಶಿಗನ್ ವಿಶ್ವವಿದ್ಯಾಲಯದ ರಾಸ್ ವ್ಯಾಪಾರ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅಚ್ಯುತ ಅಧ್ವರ್ಯು, ಎಂ.ಐ.ಟಿ.ಯ ಸ್ಲೋನ್ ವ್ಯಾಪಾರ ಶಾಲೆಯ ನಮ್ರತಾ ಕಲಾ, ಇವರೊಡನೆ ಅನಂತ್ ನ್ಯಷಧಂ, ಈ ಮೂವರು ಬೆಂಗಳೂರು ಸುತ್ತಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ನಡೆಸಿದರು. ಕೆಲಸ ನಡೆದದ್ದು ಶಾಹಿ ಎಕ್ಸ್‌ಪೋರ್ಟ್ಸ್ ಎಂಬ ದೊಡ್ಡ ಉಡುಪು ಕಂಪೆನಿಯ ಘಟಕಗಳಲ್ಲಿ. ಅಲ್ಲಿ ಪ್ರತಿ ಸಾಲಿನ ಮೇಲ್ವಿಚಾರಕರು ದಿನದಿನದ ಉತ್ಪಾದನೆಯನ್ನು ಬರೆದಿಡುತ್ತಾರೆ. ಆ ಲೆಕ್ಕವೇ ಸಂಶೋಧಕರಿಗೆ ಗಣಿಯಾಯಿತು.

ಅವರ ಕ್ರಮ ನಮಗೆ ಅರ್ಥವಾಗದ್ದೇನಲ್ಲ. ಹೊಸ ಗೊಬ್ಬರ ಬಂದಾಗ ನಾವು ಏನು ಮಾಡುತ್ತೇವೆ? ಎರಡು ಸಾಲಿಗೆ ಹಾಕಿ, ಪಕ್ಕದ ಎರಡು ಸಾಲಿಗೆ ಹಾಕದೆ ಬಿಟ್ಟು, ಕೊಯ್ಲಿನಲ್ಲಿ ತೂಗಿ ನೋಡುತ್ತೇವೆ. ಆದರೆ ಒಳ್ಳೆಯ ಮಣ್ಣಿನ ಸಾಲಿಗೇ ಗೊಬ್ಬರ ಹಾಕಿದರೆ ಪರೀಕ್ಷೆ ಕೆಡುತ್ತದೆ. ಬಂದ ಹೆಚ್ಚಳ ಮಣ್ಣಿನದೋ ಗೊಬ್ಬರದ್ದೋ ತಿಳಿಯದು. ಅದಕ್ಕಾಗಿ ಇವರು ಕೆಲವು ಅಭ್ಯಾಸಗಳಲ್ಲಿ ಚೀಟಿ ಎತ್ತಿದರು. ಚೀಟಿ ಬಂದವರಿಗೆ ಹೊಸ ಏರ್ಪಾಡು, ಬಾರದವರು ಹಳೆಯ ಕ್ರಮದಲ್ಲೇ. ಆಮೇಲೆ ಎರಡು ಗುಂಪನ್ನೂ ಹೋಲಿಸಿದರು. ಜಾಣರನ್ನೇ ಆರಿಸಿಕೊಂಡರೆಂಬ ಆಕ್ಷೇಪಣೆಗೆ ಅಲ್ಲಿ ಎಡೆಯಿಲ್ಲ.

ಸೆಕೆಯ ಲೆಕ್ಕ

ಮೊದಲ ಸಂಗತಿ ಸೆಕೆಯದು. ಈ ಕಾರ್ಖಾನೆಗಳಲ್ಲಿ ಹಳೆಯ ಟ್ಯೂಬ್ ಲೈಟು ತೆಗೆದು ಎಲ್.ಇ.ಡಿ. ದೀಪ ಹಾಕಿದರು. ಉದ್ದೇಶ ಕರೆಂಟು ಉಳಿಸುವುದು. ಆದರೆ ಎಲ್.ಇ.ಡಿ. ದೀಪ ಕಡಿಮೆ ಬಿಸಿ ಬಿಡುತ್ತದೆ. ಹೊಲಿಯುವವರ ತಲೆಯ ಮೇಲಿನ ಸೆಕೆ ಇಳಿಯಿತು. ಬಿಸಿಲು ಹೆಚ್ಚಿದ ದಿನಗಳಲ್ಲಿ ಕುಗ್ಗುತ್ತಿದ್ದ ಕೆಲಸ ಸುಧಾರಿಸಿತು. 2020ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಸರಾಸರಿ ಒಂದು ಕಾರ್ಖಾನೆಗೆ ಕರೆಂಟಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್. ಹೆಚ್ಚಿದ ಕೆಲಸದಿಂದ ಬಂದದ್ದು ಸುಮಾರು 7,500 ಡಾಲರ್. ಮಾಲೀಕರು ಎಣಿಸಿದ ಲಾಭಕ್ಕಿಂತ ಎಣಿಸದೆ ಬಂದ ಲಾಭವೇ ಎರಡೂವರೆ ಪಾಲು.

ಈಗ ನಮ್ಮ ಅಡಿಕೆ ಸುಲಿಯುವ ಚಪ್ಪರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುಲಿದ ಕಾಯಿ ಹಂಡೆಗೆ ಹತ್ತಿರವಿರಲೆಂದು ಬೇಯಿಸುವ ಒಲೆಯ ಪಕ್ಕದಲ್ಲೇ ಸುಲಿಯುವವರನ್ನು ಕೂರಿಸುತ್ತೇವೆ. ಮೇಲೆ ತಗಡು, ಪಕ್ಕದಲ್ಲಿ ಒಲೆ. ಮಧ್ಯಾಹ್ನದ ಮೇಲೆ ಕೈ ನಿಧಾನವಾದರೆ "ಇವರಿಗೆ ಮಾತೇ ಹೆಚ್ಚು" ಎನ್ನುತ್ತೇವೆ. ಒಲೆಯನ್ನು ಇಪ್ಪತ್ತು ಹೆಜ್ಜೆ ಆಚೆ ಗಾಳಿ ಹೋಗುವ ದಿಕ್ಕಿಗೆ ಸರಿಸುವುದು, ತಗಡಿನ ಮೇಲೆ ತೆಂಗಿನ ಸೋಗೆ ಹೊದಿಸುವುದು, ಬಿಂದಿಗೆ ನೀರು ಕೈಗೆಟುಕುವಲ್ಲಿ ಇಡುವುದು, ಬೇಸಗೆಯಲ್ಲಿ ಒಂದು ಗಂಟೆ ಮುಂಚೆ ಕೆಲಸ ಹಿಡಿದು ಒಂದು ಗಂಟೆ ಮುಂಚೆ ಬಿಡುವುದು, ಇವುಗಳಿಗೆ ಎಷ್ಟು ಖರ್ಚು? ಒಂದು ಕೊಯ್ಲಿನಲ್ಲಿ ಇದನ್ನು ಮಾಡಿ, ಸುಲಿದ ಡಬ್ಬಗಳನ್ನು ಎಣಿಸಿ ನೋಡಬೇಕೆಂದು ಸದಸ್ಯರಲ್ಲಿ ನಮ್ಮ ಬಿನ್ನಹ.

ಕಲಿಸಿದರೆ ಬಿಟ್ಟು ಹೋಗುತ್ತಾರೆಯೇ?

ಎರಡನೆಯದು ತರಬೇತಿಯ ವಿಷಯ. ಗ್ಯಾಪ್ ಎಂಬ ಅಮೆರಿಕದ ಬಟ್ಟೆ ಕಂಪೆನಿ 2007ರಲ್ಲಿ ಆರಂಭಿಸಿದ ಒಂದು ತರಬೇತಿಯಲ್ಲಿ ಹೊಲಿಗೆ ಕಲಿಸುವುದಿಲ್ಲ. ಹೇಳಬೇಕಾದ್ದನ್ನು ಅಂಜದೆ ಹೇಳುವುದು, ಸಮಯ ಹೊಂದಿಸಿಕೊಳ್ಳುವುದು, ತೊಡಕು ಬಂದಾಗ ಬಿಡಿಸುವುದು, ಹಣದ ಲೆಕ್ಕ ಇಡುವುದು, ಇಂಥವುಗಳನ್ನು ಕಲಿಸುತ್ತಾರೆ. ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಇಷ್ಟಪಟ್ಟು ಹೆಸರು ಕೊಟ್ಟ ಹೆಂಗಸರಲ್ಲಿ ಚೀಟಿ ಎತ್ತಿ, ಬಂದವರಿಗೆ ಸುಮಾರು 11 ತಿಂಗಳು ವಾರಕ್ಕೆ ಒಂದೆರಡು ಗಂಟೆಯಂತೆ ಇದನ್ನು ಕಲಿಸಲಾಯಿತು.

ಫಲ ಏನಾಯಿತು? ತರಬೇತಿ ಮುಗಿದ ಮೇಲೆ ಅವರ ಕೆಲಸ ಉಳಿದವರಿಗಿಂತ ಶೇ. 13.5ರಷ್ಟು ಹೆಚ್ಚಾಗಿತ್ತು. ಕೆಲಸ ಬಿಡುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. "ಕಲಿಸಿದರೆ ಬೇರೆ ಕಡೆ ಹೋಗಿಬಿಡುತ್ತಾರೆ" ಎಂಬ ಭಯ ಅಲ್ಲಿ ಹುಸಿಯಾಯಿತು. ತರಬೇತಿಗೆ ಹಾಕಿದ ಹಣಕ್ಕೆ, ಅದು ಮುಗಿದ ಎಂಟು ತಿಂಗಳ ಹೊತ್ತಿಗೆ, ಎರಡೂವರೆ ಪಟ್ಟು ನಿವ್ವಳ ಲಾಭ ಕಂಪೆನಿಗೆ ಬಂತು.

ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯಿದೆ. ಅದನ್ನು ಮರೆಮಾಚುವುದು ನಮ್ಮ ಪತ್ರಿಕೆಗೆ ಶೋಭಿಸದು. ಕೆಲಸ ಶೇ. 13.5 ಹೆಚ್ಚಿತು, ಅವರ ಸಂಬಳ ಹೆಚ್ಚಿದ್ದು ಶೇ. 0.5 ಮಾತ್ರ. ಬೆವರಿನ ಫಲ ಬಹುಪಾಲು ಮಾಲೀಕರ ಕಣಜಕ್ಕೇ ಸೇರಿತೆಂದು ಸಂಶೋಧಕರೇ ಬರೆದಿಟ್ಟಿದ್ದಾರೆ. ಕಾರ್ಖಾನೆಯಲ್ಲಿ ಅದು ನಡೆಯಬಹುದು. ಊರಿನಲ್ಲಿ ನಡೆಯದು. ನಮ್ಮ ಆಳು ನಮ್ಮ ಊರಿನವರೇ. ಅಡಿಕೆ ಯಾವ ಬೆಲೆಗೆ ಹೋಯಿತೆಂಬುದು ನಮಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಗೊನೆ ಇಳಿಸುವುದನ್ನು, ದೋಟಿ ಹಿಡಿಯುವುದನ್ನು, ಕಾಫಿ ಗಿಡದ ಚಿಗುರು ತೆಗೆಯುವುದನ್ನು, ಹಣ್ಣನ್ನೇ ಆರಿಸಿ ಬಿಡಿಸುವುದನ್ನು ನಾವು ಕಲಿಸಿದರೆ, ಕಲಿತ ಕೈಗೆ ಕಲಿತ ಕೂಲಿ ಕೊಡಲೇಬೇಕು. ಇಲ್ಲವಾದರೆ ಕಲಿತ ಕೈ ಕಲಿತದ್ದನ್ನು ಬೇರೆಯವರ ತೋಟಕ್ಕೆ ಒಯ್ಯುತ್ತದೆ.

"ನೋಡಾನ" ಎಂಬ ಮಾತು

ಮೂರನೆಯ ಸಂಶೋಧನೆಯನ್ನು ಹೇಳುವ ಮುನ್ನ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ತೋಟಕ್ಕೆ ಒಂಬತ್ತು ವರ್ಷ ಒಂದೇ ಗುಂಪಿನ ಆರು ಮಂದಿ ಹೆಂಗಸರು ಬರುತ್ತಿದ್ದರು. ಒಂದು ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಇಬ್ಬರು ಮಾತ್ರ ಬಂದರು. ಉಳಿದ ನಾಲ್ವರು ಗಾರ್ಮೆಂಟ್ಸ್ ಬಸ್ಸು ಹತ್ತಿದ್ದರು. ಆ ವರ್ಷ ನಮ್ಮ ಅಡಿಕೆಯ ಒಂದು ಭಾಗ ಗೋಟಾಯಿತು. ಹೆಚ್ಚಿನ ಸಂಬಳದ ಆಸೆಗೆ ಹೋದರೆಂದು ನಾವು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆವು. ಅವರನ್ನು ಮಾತ್ರ ಕೇಳಲಿಲ್ಲ.

ಆರು ತಿಂಗಳ ಮೇಲೆ ಅವರಲ್ಲಿ ಹಿರಿಯರೊಬ್ಬರು ಮದ್ದೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. "ಏನಮ್ಮಾ, ನಮ್ಮ ತೋಟ ಬೇಡವಾಯ್ತಾ?" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕೂಲಿ ಕಮ್ಮಿ ಅಂತ ಬುಟ್ಟಿಲ್ಲ ಗೌಡ್ರೆ. ನಾಳೆ ಕೆಲ್ಸ ಐತಾ ಅಂತ ಸಂಜೆ ಕೇಳುದ್ರೆ ನೀವು 'ನೋಡಾನ' ಅಂತಿದ್ರಿ. ನೋಡಾನ ಅಂದ್ರೆ ನಮ್ಮನೇಲಿ ಒಲೆ ಉರೀತದಾ?"

ನಮಗೆ ಉತ್ತರ ಹೊಳೆಯಲಿಲ್ಲ. ಒಂಬತ್ತು ವರ್ಷದಲ್ಲಿ ಆ ಮಾತನ್ನು ಅವರು ಆಡಲು ನಾವು ಒಮ್ಮೆಯೂ ಎಡೆ ಕೊಟ್ಟಿರಲಿಲ್ಲ. ಬಾಯಿ ಬಿಟ್ಟು ಹೇಳಲಾರದವರು ಕಾಲಿನಿಂದ ಹೇಳಿ ಹೋಗಿದ್ದರು.

ಇದೇ ತತ್ತ್ವವನ್ನು ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಪುಸ್ತಕದಲ್ಲಿ ವಿವರಿಸಿದ್ದರು. ಒಂದು ಸಂಸ್ಥೆಯಲ್ಲಿ ಅತೃಪ್ತಿಯಾದವನಿಗೆ ಎರಡು ದಾರಿ: ದನಿ ಎತ್ತುವುದು, ಇಲ್ಲವೇ ಹೊರಟು ಹೋಗುವುದು. ಮೊದಲನೆಯ ಬಾಗಿಲು ಮುಚ್ಚಿದ್ದರೆ ಎರಡನೆಯದೇ ಗತಿ. ಈ ಮಾತನ್ನು ಅಧ್ವರ್ಯು, ನ್ಯಷಧಂ ಹಾಗೂ ತೆರೇಸಾ ಮೊಲಿನಾ ಉಡುಪು ಕಾರ್ಖಾನೆಗಳಲ್ಲಿ ಪರೀಕ್ಷೆಗೆ ಒಡ್ಡಿದರು. ಒಂದು ಸಂಬಳ ಏರಿಕೆ ಕಾರ್ಮಿಕರ ನಿರೀಕ್ಷೆಗಿಂತ ಕಡಿಮೆಯಾಗಿ ಎಲ್ಲರಿಗೂ ನಿರಾಶೆಯಾಗಿತ್ತು. ಆಗ ಚೀಟಿ ಎತ್ತಿ ಆರಿಸಿದ ಕೆಲವರಿಗೆ, ಹೆಸರು ಹೇಳದೆ, ಕೆಲಸದ ಸ್ಥಿತಿಗತಿ ಹೇಗಿದೆ, ಮೇಲ್ವಿಚಾರಕರು ಹೇಗೆ ನಡೆದುಕೊಳ್ಳುತ್ತಾರೆ, ತೃಪ್ತಿಯಿದೆಯೇ ಎಂದು ಅಭಿಪ್ರಾಯ ತಿಳಿಸಲು ಅವಕಾಶ ಕೊಟ್ಟರು. ಅಷ್ಟರಿಂದಲೇ ಆ ಗುಂಪಿನಲ್ಲಿ ಕೆಲಸ ಬಿಡುವವರೂ ಗೈರುಹಾಜರಿಯೂ ಕಡಿಮೆಯಾದವು. ಅತಿ ಹೆಚ್ಚು ನಿರಾಶರಾದವರಲ್ಲಿಯೇ ಈ ಫಲ ಹೆಚ್ಚು ಕಂಡಿತು.

ಕೇಳಿಬಿಟ್ಟರೆ ಸಾಕು, ಕೂಲಿ ಹೆಚ್ಚಿಸಬೇಕಾಗಿಲ್ಲ ಎಂದು ಯಾರೂ ಇದರಿಂದ ತಿಳಿಯಬಾರದು. ಒಮ್ಮೆ ಕೇಳಿ ಏನೂ ಮಾಡದೆ ಹೋದರೆ ಎರಡನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ. ನಾವು ಮಾಡಿದ್ದನ್ನು ಹೇಳುವುದಾದರೆ, ಈಗ ನಮ್ಮ ತೋಟದಲ್ಲಿ ಪ್ರತಿ ಶನಿವಾರ ಬಟವಾಡೆಯ ಹೊತ್ತಿಗೆ ಮುಂದಿನ ವಾರದಲ್ಲಿ ಯಾವ ಯಾವ ದಿನ ಎಷ್ಟು ಜನಕ್ಕೆ ಕೆಲಸವಿದೆ ಎಂದು ಹೇಳಿಬಿಡುತ್ತೇವೆ. ಹೇಳಿದ ದಿನ ಮಳೆ ಬಂದು ಕೆಲಸ ನಿಂತರೆ ಅರ್ಧ ಕೂಲಿ ಕೊಡುತ್ತೇವೆ. ಆ ನಾಲ್ವರಲ್ಲಿ ಇಬ್ಬರು ಮರಳಿ ಬಂದಿದ್ದಾರೆ. ಇನ್ನಿಬ್ಬರು ಬರಲಿಲ್ಲ, ಅವರಿಗೆ ತಿಂಗಳ ಸಂಬಳವೇ ಅನುಕೂಲವಾಗಿದೆ. ಅದರಲ್ಲಿ ನಾವು ತಪ್ಪು ಹುಡುಕುವುದಿಲ್ಲ.

ಕಾರ್ಖಾನೆಯಲ್ಲೂ ಮುಯ್ಯಾಳು

ನಾಲ್ಕನೆಯ ಸಂಶೋಧನೆ ಸಹಕಾರಿಗಳಾದ ನಮಗೆ ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಎಣಿಕೆ. ಇದರಲ್ಲಿ ಅಧ್ವರ್ಯು ಮತ್ತು ನ್ಯಷಧಂ ಅವರ ಜತೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಹೋರ್ಹೆ ತಮಾಯೊ ಮತ್ತು ಇನ್ನೊಬ್ಬ ವಿದ್ವಾಂಸರು ಸೇರಿದ್ದಾರೆ.

ಹೊಲಿಗೆ ಕಾರ್ಖಾನೆಯಲ್ಲಿ ಸಾಲು ಸಾಲಾಗಿ ಕೆಲಸ. ಒಂದೊಂದು ಸಾಲಿಗೆ ಒಬ್ಬ ಮೇಲ್ವಿಚಾರಕ. ಬೆಳಗ್ಗೆ ಬಾಗಿಲು ತೆರೆದಾಗ ಕೆಲವರು ಬಂದಿರುವುದಿಲ್ಲ. ಮಗುವಿಗೆ ಜ್ವರ, ಊರಲ್ಲಿ ಹಬ್ಬ, ಬಸ್ಸು ತಪ್ಪಿತು, ಕಾರಣ ನೂರು. ಆದರೆ ಎಲ್ಲ ಸಾಲುಗಳಲ್ಲೂ ಒಂದೇ ದಿನ ಗೈರುಹಾಜರಿ ಇರುವುದಿಲ್ಲ. ಇವತ್ತು ಈ ಸಾಲಿಗೆ ಕೊರತೆ, ನಾಳೆ ಆ ಸಾಲಿಗೆ. ಆದುದರಿಂದ ಇದ್ದವರು ಇಲ್ಲದವರಿಗೆ ಕೊಟ್ಟು ತೆಗೆದುಕೊಂಡರೆ ಎಲ್ಲರಿಗೂ ಲಾಭ. ಮೇಲ್ವಿಚಾರಕರು ಹಾಗೆ ಮಾಡುತ್ತಲೂ ಇದ್ದರು. ಯಾರೂ ಬರೆದುಕೊಟ್ಟ ನಿಯಮವಿಲ್ಲ. ನಿನ್ನೆ ನೀನು ಕೊಟ್ಟೆ, ಇವತ್ತು ನಾನು ಕೊಡುತ್ತೇನೆ ಎಂಬ ನಂಬಿಕೆಯ ಮೇಲೆ ನಡೆಯುತ್ತಿತ್ತು.

ಓದುಗರಿಗೆ ಇದೇನೆಂದು ಹೇಳಬೇಕಾಗಿಲ್ಲ. ಇದು ನಮ್ಮ ಮುಯ್ಯಾಳು. ನಾಟಿಗೆ, ಕಳೆಗೆ, ಕೊಯ್ಲಿಗೆ ನಮ್ಮ ತಂದೆ ತಾತಂದಿರು ನಡೆಸಿಕೊಂಡು ಬಂದದ್ದೇ ಬೆಂಗಳೂರಿನ ಕಾರ್ಖಾನೆಯ ಸಾಲುಗಳಲ್ಲಿ ತಾನಾಗಿ ಹುಟ್ಟಿಕೊಂಡಿದೆ.

ಸಂಶೋಧಕರು ಕಂಡ ಮುಖ್ಯ ವಿಷಯ ಇನ್ನು ಮುಂದಿದೆ. ಒಬ್ಬೊಬ್ಬ ಮೇಲ್ವಿಚಾರಕನೂ ಕೊಟ್ಟು ತೆಗೆದುಕೊಳ್ಳುತ್ತಿದ್ದದ್ದು ಬೆರಳೆಣಿಕೆಯ ಕೆಲವರ ಜತೆ ಮಾತ್ರ. ಕಾರ್ಖಾನೆಯ ಉಳಿದ ಸಾಲುಗಳಲ್ಲಿ ಹೆಚ್ಚುವರಿ ಕೈ ಇದ್ದರೂ ಕೇಳುತ್ತಿರಲಿಲ್ಲ. ಇಬ್ಬರಿಗೂ ಲಾಭವಾಗಬಹುದಾಗಿದ್ದ ಎಷ್ಟೋ ವಿನಿಮಯಗಳು ನಡೆಯದೆಯೇ ಹೋದವು. ಒಂದೇ ಸೂರಿನಡಿ, ಒಂದೇ ಯಜಮಾನಿಕೆಯಲ್ಲಿ ಹೀಗಾದರೆ, ಹತ್ತಾರು ಹಳ್ಳಿಗಳಲ್ಲಿ ಚೆದುರಿರುವ ನಮ್ಮ ಪಾಡೇನು?

ನಮ್ಮ ಮುಯ್ಯಿಯೂ ಹಾಗೆಯೇ. ಅಣ್ಣತಮ್ಮಂದಿರು, ಬೀಗರು, ಬೇಲಿ ಪಕ್ಕದವರು, ಅಲ್ಲಿಗೆ ಮುಗಿಯಿತು. ಆದರೆ ಬೇಲಿ ಪಕ್ಕದವನ ಅಡಿಕೆಯೂ ನಮ್ಮ ಅಡಿಕೆಯೂ ಒಂದೇ ನೀರು, ಒಂದೇ ಮಣ್ಣಿನಲ್ಲಿ ಒಂದೇ ವಾರ ಕೊಯ್ಲಿಗೆ ಬರುತ್ತದೆ. ಅವನಿಗೆ ಆಳು ಬೇಕಾದ ದಿನವೇ ನಮಗೂ ಬೇಕು. ನಾಲೆಯ ನೀರಿನ ತೋಟಕ್ಕೂ ಬೋರ್‌ವೆಲ್ ನೀರಿನ ತೋಟಕ್ಕೂ ಕೊಯ್ಲಿನಲ್ಲಿ ದಿನಗಳ ಅಂತರ ಬೀಳುತ್ತದೆ. ಮಳವಳ್ಳಿ ಕಡೆಯ ಒಬ್ಬ ಸದಸ್ಯರಿಗೆ ಬಿಡುವಾದ ವಾರ ಮದ್ದೂರು ಕಡೆಯವರಿಗೆ ಅವಸರದ ವಾರವಾಗಬಹುದು. ಆದರೆ ಅವರಿಬ್ಬರಿಗೆ ಪರಿಚಯವಿಲ್ಲ. ಕೊಟ್ಟ ಆಳಿನ ಋಣ ತಿರುಗಿ ಬರುವುದೆಂಬ ಭರವಸೆಯಿಲ್ಲ. ಪರಿಚಯವಿಲ್ಲದ ಇಬ್ಬರ ನಡುವೆ ಭರವಸೆಯಾಗಿ ನಿಲ್ಲುವುದಕ್ಕೆಂದೇ ಸಹಕಾರ ಸಂಘ ಇರುವುದು. ಸಾಲದ ವಿಷಯದಲ್ಲಿ ನಾವು ಆ ಕೆಲಸ ಮಾಡಿದ್ದೇವೆ. ಆಳಿನ ವಿಷಯದಲ್ಲಿ ಇನ್ನೂ ಮಾಡಿಲ್ಲ.

ಬರೆದಿಡುವ ಅಭ್ಯಾಸ

ಇದಕ್ಕೆ ಬೇಕಾದ ಮೊದಲ ಸಾಧನ ಒಂದು ಪುಸ್ತಕ, ಒಂದು ಪೆನ್ನು. ಇಲ್ಲಿ ಇನ್ನೊಂದು ಅಭ್ಯಾಸವನ್ನು ನೆನೆಯಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್, ಅಲ್ಲಿನ ವ್ಯಾಪಾರ ಶಾಲೆಯ ಜಾನ್ ರಾಬರ್ಟ್ಸ್ ಮತ್ತು ಸಂಗಡಿಗರು ಮುಂಬಯಿ ಬಳಿಯ ಬಟ್ಟೆ ಗಿರಣಿಗಳಲ್ಲಿ ಒಂದು ಪರೀಕ್ಷೆ ನಡೆಸಿ 2013ರಲ್ಲಿ ಪ್ರಕಟಿಸಿದರು. ಚೀಟಿಯಲ್ಲಿ ಆಯ್ಕೆಯಾದ ಗಿರಣಿಗಳಿಗೆ ಐದು ತಿಂಗಳು ಸಲಹೆಗಾರರನ್ನು ಕಳಿಸಿ, ಯಂತ್ರ ಯಾವಾಗ ಕೆಟ್ಟಿತು, ಬಟ್ಟೆಯಲ್ಲಿ ದೋಷ ಎಲ್ಲಿ ಬಂತು, ಉಗ್ರಾಣದಲ್ಲಿ ನೂಲು ಎಷ್ಟಿದೆ ಎಂದು ಪ್ರತಿದಿನ ಬರೆಯುವ, ಬರೆದದ್ದನ್ನು ಕುಳಿತು ನೋಡುವ ಕ್ರಮ ಕಲಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತು. ಇಷ್ಟು ಸುಲಭದ ಕ್ರಮವನ್ನು ಮೊದಲೇ ಯಾಕೆ ಮಾಡಲಿಲ್ಲವೆಂದರೆ, ಹಲವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರು ತಮಗೆ ಅದರ ಅಗತ್ಯವಿಲ್ಲವೆಂದು ತಿಳಿದಿದ್ದರು.

ಕೆಲವು ವರ್ಷಗಳ ಮೇಲೆ ಅವರು ಅದೇ ಗಿರಣಿಗಳಿಗೆ ಮತ್ತೆ ಹೋಗಿ ನೋಡಿದಾಗ ಹೊಸ ಕ್ರಮಗಳಲ್ಲಿ ಸುಮಾರು ಅರ್ಧ ಬಿಟ್ಟು ಹೋಗಿದ್ದವು. ಮೇಲ್ವಿಚಾರಕರು ಬದಲಾದದ್ದು, ಯಜಮಾನರಿಗೆ ಬಿಡುವಿಲ್ಲದ್ದು ಇದಕ್ಕೆ ಕಾರಣ. ಉಳಿದ ಅರ್ಧದಿಂದಲೇ ಅವರು ಬೇರೆ ಗಿರಣಿಗಳಿಗಿಂತ ಮುಂದಿದ್ದರು. ಕಾರ್ಯದರ್ಶಿ ಬದಲಾದರೂ ಬದಲಾಗದಂತೆ ಒಂದು ಪದ್ಧತಿಯನ್ನು ಕೂರಿಸಬೇಕೆಂಬುದು ಇದರ ಪಾಠ.

ಎಚ್ಚರಿಕೆಯ ಮಾತು

ಕಾರ್ಖಾನೆಯ ಪಾಠವನ್ನು ತೋಟಕ್ಕೆ ಹಾಗೆಯೇ ಎತ್ತಿ ನೆಡಲಾಗದು. ಅಲ್ಲಿ ಸೂರು, ಸಾಲು, ಗಡಿಯಾರ. ಇಲ್ಲಿ ಮಳೆ, ಬಿಸಿಲು, ಹಬ್ಬ. ಬೆಂಗಳೂರಿನ ಈ ಅಭ್ಯಾಸಗಳು ಒಂದೇ ದೊಡ್ಡ ಕಂಪೆನಿಯಲ್ಲಿ, ಅದರ ಒಪ್ಪಿಗೆಯಿಂದ ನಡೆದವು. ಅಧ್ವರ್ಯು ಮತ್ತು ನ್ಯಷಧಂ ಅವರು ಆ ಕಂಪೆನಿಯ ಮನೆತನದವರೊಬ್ಬರ ಜತೆ ಸೇರಿ 2017ರಲ್ಲಿ ಗುಡ್ ಬಿಸಿನೆಸ್ ಲ್ಯಾಬ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಓದುವಾಗ ಇದೂ ನೆನಪಿರಲಿ. ಆದರೂ ತಮಗೆ ನೆರವಾದ ಕಂಪೆನಿಯಲ್ಲಿ ಕೆಲಸ ಇಷ್ಟು ಹೆಚ್ಚಿತು, ಸಂಬಳ ಇಷ್ಟೇ ಹೆಚ್ಚಿತು ಎಂದು ಮುಚ್ಚಿಡದೆ ಬರೆದಿರುವುದನ್ನು ನೋಡಿದರೆ ಅವರ ಲೆಕ್ಕವನ್ನು ನಂಬಬಹುದೆಂದು ನಮಗೆ ತೋರುತ್ತದೆ.

ಮಹಾಸಭೆಯ ಮುಂದೆ ನಮ್ಮ ಸೂಚನೆ

ಬರುವ ವಾರ್ಷಿಕ ಮಹಾಸಭೆಯಲ್ಲಿ ಚರ್ಚಿಸಲೆಂದು ಈ ಕೆಳಗಿನ ಸೂಚನೆಗಳನ್ನು ಇಡುತ್ತಿದ್ದೇವೆ.

1. ಸಂಘದ ಕಚೇರಿಯಲ್ಲಿ ಒಂದು ಮುಯ್ಯಾಳು ಪುಸ್ತಕ ಇಡುವುದು. ಸದಸ್ಯರು ಗೊನೆ ಇಳಿಸುವ, ಹಣ್ಣು ಬಿಡಿಸುವ ದಿನಗಳನ್ನು ಹದಿನೈದು ದಿನ ಮುಂಚೆ ಬರೆಸುವುದು. ಯಾರಿಗೆ ಎಷ್ಟು ಆಳು ಬೇಕು, ಯಾರ ಬಳಿ ಬಿಡುವಿದೆ ಎಂಬುದು ಅದರಿಂದ ತಿಳಿಯುತ್ತದೆ.

2. ಆಳುಗಳನ್ನು ಕೇಳದೆ ಯಾರೂ ಯಾರಿಗೂ ಕಳಿಸತಕ್ಕದ್ದಲ್ಲ. ಅವರು ನಮ್ಮ ದೋಟಿ ಏಣಿಗಳಲ್ಲ. ಒಪ್ಪಿ ಬಂದವರಿಗೆ ಹೋಗಿ ಬರುವ ಖರ್ಚು ಕರೆಸಿಕೊಂಡವರದು. ಕೂಲಿ ಅದೇ ದಿನ ಸಂಜೆ.

3. ಕೊಟ್ಟ ಆಳು, ಪಡೆದ ಆಳು ಎರಡನ್ನೂ ಪುಸ್ತಕದಲ್ಲಿ ಜಮಾ ಖರ್ಚು ಬರೆಯುವುದು. ಪಡೆದು ಕೊಡದವರ ಹೆಸರನ್ನು ಆಡಳಿತ ಮಂಡಲಿಯ ಮುಂದಿಡುವುದು.

4. ಕೊಯ್ಲಿಗೆ ಮುಂಚೆ ಒಂದು ದಿನ, ಕೊಯ್ಲು ಮುಗಿದ ಮೇಲೆ ಒಂದು ದಿನ ಕೆಲಸಗಾರರ ಸಭೆ ಕರೆದು ಅವರ ಮಾತು ಕೇಳುವುದು. ತೋಟದ ಯಜಮಾನರು ಆ ಸಭೆಯಲ್ಲಿ ಇರಬಾರದು. ಹೆಸರಿಲ್ಲದೆ ದೂರುಗಳನ್ನು ಬರೆದುಕೊಂಡು, ಏನು ಕ್ರಮ ಕೈಗೊಂಡೆವೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವುದು.

5. ಗೊನೆ ಇಳಿಸುವ ಮತ್ತು ಚಿಗುರು ತೆಗೆಯುವ ಕೆಲಸಕ್ಕೆ ಸಂಘದ ಖರ್ಚಿನಲ್ಲಿ ತರಬೇತಿ ನಡೆಸಿ, ತರಬೇತಿಯಾದವರಿಗೆ ಎಲ್ಲ ಸದಸ್ಯರೂ ಒಂದೇ ಹೆಚ್ಚಿನ ದರ ಕೊಡಲು ಒಪ್ಪುವುದು.

ಇವುಗಳಲ್ಲಿ ಕೊನೆಯ ಎರಡಕ್ಕೆ ವಿರೋಧ ಬರಬಹುದೆಂದು ನಾವು ಬಲ್ಲೆವು. ಆಳುಗಳ ದೂರನ್ನು ನಾವೇ ಕರೆದು ಕೇಳಬೇಕೇ ಎಂದು ಕೆಲವರು ಈಗಾಗಲೇ ಅಂದಿದ್ದಾರೆ. ಅವರಿಗೆ ನಮ್ಮ ಉತ್ತರವಿಷ್ಟೇ: ಆ ದೂರಿನ ಬೆಲೆ ಎಷ್ಟೆಂದು ನಾವು ಒಂದು ವರ್ಷ ಗೋಟಡಿಕೆಯ ಲೆಕ್ಕದಲ್ಲಿ ತೆತ್ತಿದ್ದೇವೆ. ಕಚೇರಿಯಲ್ಲಿ ಕೂತು ಕೇಳುವುದು ಅದಕ್ಕಿಂತ ಅಗ್ಗ.

ಸದಸ್ಯ ಬಂಧುಗಳು ದಯಮಾಡಿ ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕು. ಬರುವಾಗ ಕಳೆದ ಕೊಯ್ಲಿನಲ್ಲಿ ಆಳಿಲ್ಲದೆ ಎಷ್ಟು ದಿನ ಕೆಲಸ ನಿಂತಿತು, ಅಂಥ ದಿನ ಯಾವುವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಮುಯ್ಯಾಳು ಪುಸ್ತಕದ ಮೊದಲ ಪುಟ ಆ ಚೀಟಿಗಳಿಂದಲೇ ಆರಂಭವಾಗಲಿ.